ಇರಾನಿ ಸೌತೆಕಾಯಿ ಮೊಸರು: ಮಾಸ್ತ್-ಒ-ಖಿಯಾರ್ ಮನೆಯಲ್ಲೇ ಮಾಡುವುದು ಹೇಗೆ

ಸೌತೆಕಾಯಿ, ಮೊಸರು, ಉಪ್ಪು ಅಂದ ಕೂಡಲೇ ನಮ್ಮ ಕೈ ಒಗ್ಗರಣೆ ಸೌಟಿನ ಕಡೆ ಹೋಗುತ್ತದೆ. ಸಾಸಿವೆ, ಇಂಗು, ಕರಿಬೇವು, ಒಂದು ಹಸಿಮೆಣಸಿನಕಾಯಿ, ಮೊಸರು ಬಜ್ಜಿ ರೆಡಿ. ಇರಾನಿನವರು ಅದೇ ಸೌತೆಕಾಯಿ, ಅದೇ ಮೊಸರು ಇಟ್ಟುಕೊಂಡು ಒಲೆಯನ್ನೇ ಹಚ್ಚದೆ ಬೇರೆಯೇ ರುಚಿ ತರುತ್ತಾರೆ. ಅದರ ಹೆಸರು ಮಾಸ್ತ್-ಒ-ಖಿಯಾರ್. ಫಾರ್ಸಿಯಲ್ಲಿ ಮೊಸರು ಮತ್ತು ಸೌತೆಕಾಯಿ ಎಂದಷ್ಟೇ ಅದರ ಅರ್ಥ.

ಇದನ್ನು ರೊಟ್ಟಿ ಅದ್ದಿಕೊಂಡು ತಿನ್ನಬಹುದು, ಅನ್ನದ ಪಕ್ಕದಲ್ಲಿ ಇಟ್ಟುಕೊಳ್ಳಬಹುದು, ಸುಮ್ನೆ ಚಮಚದಲ್ಲಿ ತಿಂದರೂ ಆಯಿತು. ಮೊಸರು ಗಟ್ಟಿ, ಸೌತೆಕಾಯಿ ಗರಿಗರಿ, ನಡುವೆ ಅಕ್ರೋಟು ಮತ್ತು ಒಣದ್ರಾಕ್ಷಿ, ಮೇಲೆ ಒಣ ಪುದೀನ, ಚೂರು ಗುಲಾಬಿ ಎಸಳು. ಖಾರ ಇಲ್ಲ, ಒಗ್ಗರಣೆ ಇಲ್ಲ, ಕೊತ್ತಂಬರಿ ಇಲ್ಲ. ನಮ್ಮ ನಾಲಿಗೆಗೆ ಮೊದಲ ತುತ್ತಿಗೆ ಏನೋ ಕಮ್ಮಿ ಅನ್ನಿಸಬಹುದು. ಎರಡನೇ ತುತ್ತಿಗೆ ಹಾಗನ್ನಿಸುವುದಿಲ್ಲ.

ಮಾಡುವುದು ಕಷ್ಟವಲ್ಲ. ಆದರೆ ಎರಡು ವಿಷಯದಲ್ಲಿ ಸಡಿಲ ಬಿಟ್ಟರೆ ಇದು ನೀರು ನೀರಾದ, ಉಪ್ಪು ಕಮ್ಮಿಯಾದ ಮೊಸರು ಬಜ್ಜಿ ಆಗಿಬಿಡುತ್ತದೆ. ಒಂದು ನೀರು, ಇನ್ನೊಂದು ಪುದೀನ. ಆದ್ದರಿಂದ ಈ ಲೇಖನದಲ್ಲಿ ಅವೆರಡಕ್ಕೇ ಜಾಸ್ತಿ ಜಾಗ.

ಏನೇನು ಬೇಕು

ನಾಲ್ಕು ಜನಕ್ಕೆ ಸಾಕಾಗುವಷ್ಟು ಲೆಕ್ಕ ಇದು:

ಗಟ್ಟಿ ಮೊಸರು 750 ಗ್ರಾಂ (ನೀರು ಸೋಸಿದ ಮೇಲೆ ಸುಮಾರು 500 ಗ್ರಾಂ ಉಳಿಯುತ್ತದೆ)
ಎಳೆ ಸೌತೆಕಾಯಿ ಸುಮಾರು 300 ಗ್ರಾಂ
ಒಣ ಪುದೀನ 2 ಟೀ ಚಮಚ
ಅಕ್ರೋಟು ಒಂದು ಹಿಡಿ, ಅಂದರೆ 30 ಗ್ರಾಂನಷ್ಟು
ಒಣದ್ರಾಕ್ಷಿ 2 ದೊಡ್ಡ ಚಮಚ
ಉಪ್ಪು, ಆಗಷ್ಟೇ ಕುಟ್ಟಿದ ಕಾಳುಮೆಣಸು
ಒಣಗಿಸಿದ ಗುಲಾಬಿ ಎಸಳು 1 ಟೀ ಚಮಚ (ಇದ್ದರೆ)
ಸಬ್ಬಸಿಗೆ ಸೊಪ್ಪು, ಸಣ್ಣಗೆ ಹೆಚ್ಚಿದ್ದು 1 ದೊಡ್ಡ ಚಮಚ (ಇಷ್ಟವಿದ್ದರೆ)
ಬೆಳ್ಳುಳ್ಳಿ ಅರ್ಧ ಎಸಳು (ಇದೂ ಇಷ್ಟವಿದ್ದರೆ)

ಮೊಸರು, ಸೌತೆಕಾಯಿ, ಒಣ ಪುದೀನ, ಉಪ್ಪು ಇರಲೇಬೇಕು. ಉಳಿದದ್ದು ಮನೆಯಿಂದ ಮನೆಗೆ ಬದಲಾಗುತ್ತದೆ. ಇರಾನಿನಲ್ಲೂ ದಿನನಿತ್ಯದ ಊಟಕ್ಕೆ ಈ ನಾಲ್ಕರಲ್ಲೇ ಮುಗಿಸುವವರು ಇದ್ದಾರೆ. ನೆಂಟರು ಬಂದಾಗ ಅಕ್ರೋಟು, ದ್ರಾಕ್ಷಿ, ಗುಲಾಬಿ ಹೊರಗೆ ಬರುತ್ತವೆ.

ಮೊದಲು ಮೊಸರು

ನಮ್ಮ ಮನೆಗಳಲ್ಲಿ ಹೆಪ್ಪು ಹಾಕಿದ ಮೊಸರು ಎಷ್ಟೇ ಚೆನ್ನಾಗಿದ್ದರೂ ಇದಕ್ಕೆ ಸ್ವಲ್ಪ ತೆಳು. ಚಮಚ ಹಾಕಿ ತೆಗೆದ ಕಡೆ ಐದು ನಿಮಿಷದಲ್ಲಿ ನೀರು ಬಿಡುತ್ತದೆ, ಅಲ್ವಾ? ಆ ನೀರು ಹೋಗಬೇಕು. ಇರಾನಿನಲ್ಲಿ ನೀರು ಸೋಸಿದ ಮೊಸರು ಅಂಗಡಿಯಲ್ಲೇ ಸಿಗುತ್ತದೆ, ಅದಕ್ಕೆ ಮಾಸ್ತ್-ಎ-ಚೆಕೀದೆ ಎನ್ನುತ್ತಾರೆ. ನಾವು ಮನೆಯಲ್ಲೇ ಸೋಸಿಕೊಳ್ಳಬೇಕು. ಬೆಳಗಾವಿ, ಹುಬ್ಬಳ್ಳಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಶ್ರೀಖಂಡಕ್ಕೆ ಮೊಸರು ಕಟ್ಟುವ ಕೆಲಸವೇ ಇದು, ಅಷ್ಟು ಹೊತ್ತು ಬೇಡ ಅಷ್ಟೇ.

ಕೆನೆಭರಿತ ಹಾಲಿನ ಮೊಸರೇ ಆಗಬೇಕು. ಕೆನೆ ತೆಗೆದ ಹಾಲಿನ ಮೊಸರನ್ನು ಎಷ್ಟು ಸೋಸಿದರೂ ಬಾಯಲ್ಲಿ ಸೀಮೆಸುಣ್ಣದ ಹಾಗೆ ಒಣ ಒಣ ಅನ್ನಿಸುತ್ತದೆ. ಮೊಸರು ಹುಳಿ ಬಂದಿರಬಾರದು. ರಾತ್ರಿ ಹೆಪ್ಪು ಹಾಕಿ, ಬೆಳಿಗ್ಗೆ ಹೆಪ್ಪುಗಟ್ಟಿದ ಕೂಡಲೇ ಫ್ರಿಜ್ಜಿಗೆ ಸೇರಿಸಿದ ಮೊಸರು ಇದಕ್ಕೆ ಸರಿ.

ಒಂದು ಪಾತ್ರೆಯ ಮೇಲೆ ಜರಡಿ ಇಡಿ. ಜರಡಿಯ ತಳ ಪಾತ್ರೆಯ ತಳಕ್ಕೆ ತಾಗಬಾರದು. ಮೇಲೆ ತೆಳು ಹತ್ತಿ ಬಟ್ಟೆ ಹಾಸಿ, ಹಳೆಯ ಪಂಚೆಯ ತುಂಡಾದರೂ ನಡೆಯುತ್ತದೆ. ಸೋಪಿನ ವಾಸನೆ ಮಾತ್ರ ಇರಬಾರದು, ಅದಕ್ಕೆ ಮೊದಲೇ ಬಿಸಿನೀರಲ್ಲಿ ಜಾಲಿಸಿ ಹಿಂಡಿಟ್ಟುಕೊಳ್ಳಿ. ಮೊಸರನ್ನು ಬಟ್ಟೆಗೆ ಹಾಕಿ, ತುದಿಗಳನ್ನು ಮೇಲೆ ಮಡಚಿ, ಇಡೀ ಪಾತ್ರೆಯನ್ನು ಫ್ರಿಜ್ಜಿನಲ್ಲಿಡಿ. ಹೊರಗೆ ಕಟ್ಟಿ ತೂಗುಹಾಕಿದರೆ ನೀರು ಬೇಗ ಇಳಿಯುತ್ತದೆ ನಿಜ, ಆದರೆ ಬೇಸಿಗೆಯಲ್ಲಿ ಅಷ್ಟರೊಳಗೆ ಹುಳಿಯೂ ಬಂದಿರುತ್ತದೆ.

2 ಗಂಟೆಯಿಂದ 3 ಗಂಟೆ ಸಾಕು. ಚಮಚದಲ್ಲಿ ತೆಗೆದು ಓರೆ ಮಾಡಿದರೆ ನಿಧಾನಕ್ಕೆ ಜಾರಬೇಕು, ದೊಪ್ಪನೆ ಬೀಳಬಾರದು. ರಾತ್ರಿಯಿಡೀ ಬಿಟ್ಟರೆ ಚೀಸ್ ಥರ ಗಟ್ಟಿಯಾಗುತ್ತದೆ. ಹಾಗಾದರೆ ಗಾಬರಿ ಬೇಡ, ಕೆಳಗೆ ಇಳಿದ ನೀರನ್ನೇ ಒಂದೊಂದು ಚಮಚ ವಾಪಸ್ ಸೇರಿಸಿ ಕಲಸಿ. ಉಳಿದ ನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಲು ಬಳಸಿ. ಚಪಾತಿ ಮೆತ್ತಗಾಗುತ್ತದೆ.

ಅಂಗಡಿಯಲ್ಲಿ ಸಿಗುವ ಗ್ರೀಕ್ ಯೋಗರ್ಟ್ ಇದ್ದರೆ ಈ ಕೆಲಸವೆಲ್ಲ ತಪ್ಪುತ್ತದೆ. ಸಿಹಿಯಾಗಲಿ ಹಣ್ಣಿನ ರುಚಿಯಾಗಲಿ ಸೇರಿಸದೆ ಇರುವುದನ್ನು ನೋಡಿ ತನ್ನಿ. ವಿದೇಶದಲ್ಲಿರುವ ನಮ್ಮವರಿಗೆ ಅದೇ ಸುಲಭದ ದಾರಿ.

ಸೌತೆಕಾಯಿ ಮತ್ತು ಅದರ ನೀರು

ಇರಾನಿನಲ್ಲಿ ಸೌತೆಕಾಯಿ ಅರ್ಧ ತರಕಾರಿ, ಅರ್ಧ ಹಣ್ಣು. ಮನೆಗೆ ಬಂದವರ ಮುಂದೆ ಇಡುವ ಹಣ್ಣಿನ ತಟ್ಟೆಯಲ್ಲಿ ಸೇಬು, ಕಿತ್ತಳೆ ಜೊತೆ ಬೆರಳುದ್ದದ ಪುಟ್ಟ ಸೌತೆಕಾಯಿಗಳೂ ಕೂತಿರುತ್ತವೆ, ಪಕ್ಕದಲ್ಲಿ ಉಪ್ಪಿನ ಡಬ್ಬಿ. ಆ ಜಾತಿಯ ಕಾಯಿಗೆ ಸಿಪ್ಪೆ ತೆಳು, ಬೀಜ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಸಿಪ್ಪೆ ಸಮೇತ ಹಾಕುತ್ತಾರೆ.

ನಮ್ಮ ಸಂತೆಯಲ್ಲಿ ಇದಕ್ಕೆ ಹತ್ತಿರದ್ದು ಎಳೆಯ ಹಸಿರು ಸೌತೆಕಾಯಿ, ಇಲ್ಲವೇ ಸೂಪರ್ ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಸುತ್ತಿ ಮಾರುವ ಉದ್ದನೆಯ ಇಂಗ್ಲಿಷ್ ಸೌತೆಕಾಯಿ. ಸಾಂಬಾರಿಗೆ ಹಾಕುವ ಮಂಗಳೂರು ಸೌತೆ ಇದಕ್ಕೆ ಆಗುವುದಿಲ್ಲ. ಬಲಿತ ಕಾಯಿಯೇ ಸಿಕ್ಕಿದರೆ ಸಿಪ್ಪೆ ಹೆರೆದು, ಉದ್ದಕ್ಕೆ ಸೀಳಿ, ಚಮಚದ ತುದಿಯಿಂದ ಬೀಜದ ತಿರುಳನ್ನು ಕೆರೆದು ತೆಗೆಯಿರಿ. ಜಾಸ್ತಿ ನೀರು ಇರುವುದೇ ಅಲ್ಲಿ.

ಹೆಚ್ಚುವ ಮುಂಚೆ ತೊಟ್ಟಿನ ಕಡೆಯಿಂದ ಒಂದು ಬಿಲ್ಲೆ ಕತ್ತರಿಸಿ ತಿಂದು ನೋಡಿ. ಸೌತೆಯ ಕಹಿ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಒಂದಿಂಚು ಒಳಗೆ ಹೋದರೂ ಕಹಿ ಹೋಗದಿದ್ದರೆ ಆ ಕಾಯಿಯನ್ನೇ ಬಿಡಿ. ಒಂದು ಕಹಿ ಕಾಯಿ ಇಡೀ ಬಟ್ಟಲು ಕೆಡಿಸುತ್ತದೆ, ಮೊಸರು ಅದನ್ನು ಮುಚ್ಚಿಡುವುದಿಲ್ಲ.

ಇನ್ನು ತುರಿಯುವುದೋ, ಹೆಚ್ಚುವುದೋ? ಎರಡೂ ಇದೆ. ರೊಟ್ಟಿ ಅದ್ದಿಕೊಂಡು ತಿನ್ನುವುದಾದರೆ ದಪ್ಪ ತುರಿ ಚೆನ್ನ, ರೊಟ್ಟಿಗೆ ಅಂಟಿಕೊಳ್ಳುತ್ತದೆ. ಅನ್ನದ ಜೊತೆಗಾದರೆ ಕಡಲೆಕಾಳಿನಷ್ಟು ಸಣ್ಣಗೆ ಹೆಚ್ಚಿ. ನನಗೆ ಹೆಚ್ಚಿದ್ದೇ ಇಷ್ಟ. ಹಲ್ಲಿಗೆ ಸಿಗುವ ಆ ಗರಿ ಇಲ್ಲದಿದ್ದರೆ ಈ ತಿನಿಸಿನ ಅರ್ಧ ಮಜಾ ಹೋಯಿತು.

ಸೌತೆಕಾಯಿಯ ತೂಕದಲ್ಲಿ ನೂರಕ್ಕೆ ಸುಮಾರು 95 ಭಾಗ ಬರೀ ನೀರು. ಉಪ್ಪು ತಾಗಿದ ಕೂಡಲೇ ಅದು ಹೊರಗೆ ಬರಲು ಶುರುವಾಗುತ್ತದೆ. ಬಟ್ಟಲಿನೊಳಗೆ ಬಂದರೆ ನಮಗೆ ತೊಂದರೆ, ಮೊದಲೇ ಬಂದರೆ ಒಳ್ಳೆಯದು. ಹೆಚ್ಚಿದ ಸೌತೆಗೆ ಅರ್ಧ ಟೀ ಚಮಚ ಉಪ್ಪು ಬೆರೆಸಿ, ಜರಡಿಯಲ್ಲಿ 20 ನಿಮಿಷ ಬಿಡಿ. ಆಮೇಲೆ ಒಂದೊಂದೇ ಹಿಡಿ ತೆಗೆದುಕೊಂಡು ಹಿಂಡಿ. ಹಿಂಡುವುದು ಅಂದರೆ ಬಟ್ಟೆ ಹಿಂಡಿದ ಹಾಗಲ್ಲ. ಬೆರಳು ಮುಚ್ಚಿ ಮೆಲ್ಲಗೆ ಒತ್ತಿ, ಬೆರಳ ಸಂದಿಯಿಂದ ತಿಳಿಹಸಿರು ನೀರು ಧಾರೆಯಾಗಿ ಇಳಿಯುತ್ತದೆ. ಧಾರೆ ನಿಂತು ಹನಿಗೆ ಬಂದಾಗ ಬಿಟ್ಟುಬಿಡಿ. ಇನ್ನೂ ಒತ್ತಿದರೆ ತುಂಡುಗಳು ನಜ್ಜುಗುಜ್ಜಾಗುತ್ತವೆ.

ಮಾಡಿದ ಅರ್ಧ ಗಂಟೆಯೊಳಗೆ ಊಟಕ್ಕೆ ಕೂರುತ್ತೀರಾದರೆ ಈ ಉಪ್ಪು ಹಾಕಿ ಹಿಂಡುವ ಕೆಲಸ ಬಿಟ್ಟುಬಿಡಬಹುದು, ಸೌತೆ ಇನ್ನೂ ತಾಜಾ ಇರುತ್ತದೆ. ಮುಂಚೆ ಮಾಡಿಡಬೇಕು, ನೆಂಟರು ಯಾವಾಗ ಬರುತ್ತಾರೋ ಗೊತ್ತಿಲ್ಲ ಎಂದಾದರೆ ಮಾತ್ರ ಹಿಂಡಲೇಬೇಕು. ಹಿಂಡಿದ ಸೌತೆಯಲ್ಲಿ ಆಗಲೇ ಉಪ್ಪು ಇರುತ್ತದೆ, ಮೊಸರಿಗೆ ಹಾಕುವಾಗ ಅದು ನೆನಪಿರಲಿ.

ಪುದೀನ ಒಣಗಿದ್ದೇ ಬೇಕು

ಪುದೀನ ಅಂದರೆ ನಮಗೆ ಹಸಿ ಸೊಪ್ಪು. ಅದನ್ನು ಹೆಚ್ಚಿ ಹಾಕಿದರೆ ಚಟ್ನಿಯ ವಾಸನೆ ಬರುತ್ತದೆ, ಇರಾನಿನ ಬಟ್ಟಲು ಎಲ್ಲೋ ದೂರ ಉಳಿಯುತ್ತದೆ. ಒಣಗಿದ ಪುದೀನಕ್ಕೆ ಆ ಹಸಿ ಚುರುಕು ಇರುವುದಿಲ್ಲ. ಘಮ ತಗ್ಗಿ, ಸ್ವಲ್ಪ ಒಣಹುಲ್ಲಿನ ಕಡೆ, ಸ್ವಲ್ಪ ಚಹಾದ ಕಡೆ ತಿರುಗಿರುತ್ತದೆ. ಕೊಬ್ಬಿರುವ ಮೊಸರಿನಲ್ಲಿ ಅದು ನಿಧಾನವಾಗಿ ಬಿಟ್ಟುಕೊಳ್ಳುತ್ತದೆ. ಹಸಿ ಪುದೀನದ ನಾಲ್ಕು ಎಲೆ ಮೇಲೆ ಅಲಂಕಾರಕ್ಕೆ ಇಡಿ, ಬೇಡ ಅನ್ನುವುದಿಲ್ಲ. ಒಳಗೆ ಮಾತ್ರ ಒಣಗಿದ್ದು.

ಮನೆಯಲ್ಲೇ ಒಣಗಿಸಬಹುದು. ಎರಡು ಕಟ್ಟು ಪುದೀನ ತಂದು, ತೊಳೆದು, ಎಲೆ ಬಿಡಿಸಿ. ಬಟ್ಟೆಯ ಮೇಲೆ ಹರಡಿ ಒತ್ತಿ ಒರೆಸಿ. ಆಮೇಲೆ ನೆರಳಿನಲ್ಲಿ, ಗಾಳಿ ಆಡುವ ಕಡೆ, ಎಲೆ ಎಲೆಗೂ ಜಾಗ ಬಿಟ್ಟು ಹರಡಿ. ಬಿಸಿಲಿಗೆ ಇಟ್ಟರೆ ಬೇಗ ಒಣಗುತ್ತದೆ, ಆದರೆ ಎಲೆ ಕಂದುಬಣ್ಣಕ್ಕೆ ತಿರುಗಿ ಘಮವೂ ಹೋಗುತ್ತದೆ. ಬಯಲುಸೀಮೆಯ ಹವೆಗೆ ಮೂರು ನಾಲ್ಕು ದಿನ ಸಾಕು. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯವರು ಈ ಸಾಹಸಕ್ಕೆ ಹೋಗಬೇಡಿ, ಬೂಸ್ಟು ಹಿಡಿಯುತ್ತದೆ. ಮೈಕ್ರೋವೇವ್ ಇದ್ದರೆ ಎರಡು ಕಾಗದದ ನ್ಯಾಪ್‌ಕಿನ್ ನಡುವೆ ಎಲೆ ಇಟ್ಟು, 30 ಸೆಕೆಂಡಿನಂತೆ ಬಿಟ್ಟು ಬಿಟ್ಟು ಬಿಸಿ ಮಾಡಿ, ಪ್ರತಿ ಸಲ ತೆಗೆದು ನೋಡಿ. ಬೆರಳಲ್ಲಿ ಹಿಡಿದರೆ ಚರಚರ ಸದ್ದಾಗಿ ಪುಡಿಯಾಗಬೇಕು. ಗಾಜಿನ ಬಾಟಲಿಗೆ ತುಂಬಿ, ಮುಚ್ಚಳ ಬಿಗಿಯಾಗಿ ಹಾಕಿ, ಬೆಳಕು ತಾಗದ ಕಡೆ ಇಡಿ.

ಬಳಸುವಾಗ ಚಮಚದಿಂದ ನೇರವಾಗಿ ಮೊಸರಿಗೆ ಸುರಿಯಬೇಡಿ. ಎಡ ಅಂಗೈಗೆ ಹಾಕಿಕೊಂಡು, ಬಲಗೈ ಹೆಬ್ಬೆರಳಿನ ಬುಡದಿಂದ ಒತ್ತಿ ತಿಕ್ಕಿ. ಬೂದುಹಸಿರು ಪುಡಿ ಬಟ್ಟಲಿಗೆ ಉದುರುತ್ತದೆ, ಸಣ್ಣ ಕಡ್ಡಿಗಳು ಅಂಗೈಯಲ್ಲೇ ಉಳಿಯುತ್ತವೆ. ಕಡ್ಡಿ ಎಸೆಯಿರಿ, ಬಾಯಿಗೆ ಸಿಕ್ಕಿದರೆ ಚುಚ್ಚುತ್ತವೆ. ತಿಕ್ಕುವಾಗಲೇ ಘಮ ಮೂಗಿಗೆ ಬಡಿಯಬೇಕು. ಬರಲಿಲ್ಲವೋ, ಆ ಪುದೀನ ಹಳೆಯದು. ಎರಡು ಪಟ್ಟು ಹಾಕಿ ಸರಿಮಾಡೋಣ ಅಂದುಕೊಳ್ಳಬೇಡಿ, ಪುಡಿಪುಡಿ ಸಿಗುತ್ತದೆಯೇ ಹೊರತು ರುಚಿ ಬರುವುದಿಲ್ಲ.

ಇದೇ ಒಣ ಪುದೀನವನ್ನು ಇರಾನಿನಲ್ಲಿ ಎಣ್ಣೆಯಲ್ಲಿ ಹುರಿದು ಆಶ್-ಎ-ರೆಶ್ತೆ ಎಂಬ ಶಾವಿಗೆ-ಸೊಪ್ಪಿನ ಗಟ್ಟಿ ಸೂಪಿನ ಮೇಲೆ, ಬದನೆಕಾಯಿಯ ಕಶ್ಕ್-ಎ-ಬಾದೆಮ್‌ಜಾನ್ ಮೇಲೆ ಹಾಕುತ್ತಾರೆ. ಒಗ್ಗರಣೆ ಇಲ್ಲದೆ ನಿದ್ದೆ ಬರದ ನಮ್ಮಂಥವರಿಗೆ ಅದು ಹಿಡಿಸುತ್ತದೆ. ಆದರೆ ಮಾಸ್ತ್-ಒ-ಖಿಯಾರ್‌ಗೆ ಅದು ಬೇಡ.

ಅಕ್ರೋಟು, ದ್ರಾಕ್ಷಿ, ಗುಲಾಬಿ

ಅಕ್ರೋಟು ಹಾಕುವ ಮುಂಚೆ ಒಂದು ತುಂಡು ತಿಂದು ನೋಡಿ. ಅಂಗಡಿಯಲ್ಲಿ ಬಹಳ ದಿನ ಬಿಸಿಯಲ್ಲಿ ಕೂತ ಅಕ್ರೋಟಿಗೆ ಹಳೇ ಎಣ್ಣೆಯ ಕಮಟು ಬಂದಿರುತ್ತದೆ. ಚೆನ್ನಾಗಿದ್ದರೆ ಕೈಯಲ್ಲೇ ಮುರಿದು ದಪ್ಪ ಚೂರು ಮಾಡಿ, ಮಿಕ್ಸಿಗೆ ಹಾಕಬೇಡಿ. ಸಿಪ್ಪೆಯ ಒಗರು ಇಷ್ಟವಿಲ್ಲದವರು ಒಂದೆರಡು ಗಂಟೆ ಬಿಸಿನೀರಿನಲ್ಲಿ ನೆನೆಸಿ, ಸಿಪ್ಪೆ ಬಿಡಿಸಿ, ಒರೆಸಿ ಹಾಕಬಹುದು. ಸಾವಧಾನದ ಕೆಲಸ, ನೆಂಟರಿಗೆ ಮಾತ್ರ.

ಒಣದ್ರಾಕ್ಷಿಗೆ ನಮ್ಮ ವಿಜಯಪುರದ ಹಸಿರು ದ್ರಾಕ್ಷಿಯೇ ಸಾಕು, ಅದರಲ್ಲಿ ಸಿಹಿಯ ಜೊತೆ ಒಂದಿಷ್ಟು ಹುಳಿಯೂ ಇರುತ್ತದೆ. ಹತ್ತು ನಿಮಿಷ ಬೆಚ್ಚಗಿನ ನೀರಲ್ಲಿ ನೆನೆಸಿ ಹಿಂಡಿ ಹಾಕಿ. ಒಣಗಿದ್ದನ್ನೇ ಹಾಕಿದರೆ ಮೊಸರಿನ ನೀರನ್ನು ಹೀರಿ ಆಮೇಲೆ ಉಬ್ಬುತ್ತದೆ, ಅದೂ ತಪ್ಪೇನಲ್ಲ.

ಮೊಸರಿಗೆ ದ್ರಾಕ್ಷಿ, ಅಕ್ರೋಟು ಯಾಕೆ ಬಂತು? ಇರಾನಿನ ಮನೆಗಳಲ್ಲಿ ಆಹಾರವನ್ನು ಗರ್ಮ್, ಸರ್ದ್ ಎಂದು ಎರಡು ಪಾಲು ಮಾಡುವ ರೂಢಿ ಬಹಳ ಹಳೆಯದು. ನಮ್ಮ ಅಜ್ಜಿಯಂದಿರು 'ಅದು ಉಷ್ಣ, ಇದು ತಂಪು' ಎನ್ನುತ್ತಿದ್ದರಲ್ಲ, ಅದೇ ಥರದ ಲೆಕ್ಕ. ಅವರ ಪ್ರಕಾರ ಮೊಸರು, ಸೌತೆಕಾಯಿ ಎರಡೂ ತಂಪು. ಅಕ್ರೋಟು, ಒಣದ್ರಾಕ್ಷಿ, ಪುದೀನ, ಕಾಳುಮೆಣಸು ಉಷ್ಣ. ತಂಪಿನ ಜೊತೆ ಉಷ್ಣ ಸೇರಿಸಿ ಸಮ ಮಾಡುತ್ತಾರೆ. ಈ ಲೆಕ್ಕವನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾಲಿಗೆಗೆ ಮಾತ್ರ ಆ ಜೋಡಿ ಸರಿಯಾಗಿಯೇ ಇದೆ.

ಗುಲಾಬಿ ಎಸಳಿನ ಬಗ್ಗೆ ಒಂದು ಎಚ್ಚರಿಕೆ. ಇರಾನಿನವರು ಬಳಸುವುದು ಗೊಲ್-ಎ-ಮೊಹಮ್ಮದಿ ಎಂಬ ಘಮದ ಗುಲಾಬಿ. ಕಾಶಾನ್ ಬಳಿಯ ಕಮ್ಸರ್ ಪಟ್ಟಣ ಈ ಹೂವಿಗೆ, ಅದರಿಂದ ಇಳಿಸುವ ಪನ್ನೀರಿಗೆ ಹೆಸರುವಾಸಿ. ನಮ್ಮಲ್ಲಿ ಹೂವಿನ ಅಂಗಡಿಯ ಗುಲಾಬಿಯನ್ನು ಒಣಗಿಸಿ ಹಾಕಲು ಹೋಗಬೇಡಿ. ಅದನ್ನು ತಿನ್ನಲು ಬೆಳೆದಿರುವುದಿಲ್ಲ, ಔಷಧಿ ಸಿಂಪಡಿಸಿರುತ್ತಾರೆ. ಮನೆಯ ಕುಂಡದಲ್ಲಿ ಔಷಧಿ ಹಾಕದೆ ಬೆಳೆದ ಪನ್ನೀರು ಗುಲಾಬಿ ಇದ್ದರೆ ನೆರಳಲ್ಲಿ ಒಣಗಿಸಿಕೊಳ್ಳಿ. ಇಲ್ಲದಿದ್ದರೆ ಅಡುಗೆಗೆಂದೇ ಮಾರುವ ಒಣ ಎಸಳು ತನ್ನಿ. ಅದೂ ಇಲ್ಲವೇ, ಬಿಟ್ಟುಬಿಡಿ. ಗುಲ್ಕಂದ್ ಹಾಕುವ ಯೋಚನೆ ಮಾತ್ರ ಬೇಡ.

ಈಗ ಕಲಸುವುದು

ಸೋಸಿದ ಮೊಸರನ್ನು ಅಗಲ ಬಟ್ಟಲಿಗೆ ಹಾಕಿ, ಚಮಚದಿಂದಲೇ ಗಂಟಿಲ್ಲದ ಹಾಗೆ ನಯ ಮಾಡಿ. ಕಡಗೋಲು, ಬ್ಲೆಂಡರ್ ತರಬೇಡಿ, ಗಟ್ಟಿ ಮೊಸರು ಒಡೆದು ತೆಳುವಾಗುತ್ತದೆ. ಬೆಳ್ಳುಳ್ಳಿ ಹಾಕುವುದಾದರೆ ಒಂದು ಚಿಟಿಕೆ ಉಪ್ಪಿನ ಜೊತೆ ಜಜ್ಜಿ ಪೇಸ್ಟ್ ಮಾಡಿ ಈಗಲೇ ಸೇರಿಸಿ. ಅರ್ಧ ಎಸಳಿಗಿಂತ ಜಾಸ್ತಿ ಬೇಡ, ಹೊತ್ತು ಕಳೆದಂತೆ ಬೆಳ್ಳುಳ್ಳಿ ಜೋರಾಗುತ್ತದೆ.

ಪುದೀನವನ್ನು ತಿಕ್ಕಿ ಹಾಕಿ, ಮೇಲೆ ಉದುರಿಸಲು ಒಂದು ಚಿಟಿಕೆ ಉಳಿಸಿಕೊಳ್ಳಿ. ಕಾಳುಮೆಣಸು, ಸಬ್ಬಸಿಗೆ ಸೇರಿಸಿ ಕಲಸಿ. ಸಬ್ಬಸಿಗೆಯನ್ನು ಇರಾನಿನವರೂ ನಮ್ಮ ಹಾಗೇ ಧಾರಾಳವಾಗಿ ತಿನ್ನುತ್ತಾರೆ, ಅನ್ನಕ್ಕೂ ಹಾಕುತ್ತಾರೆ. ಹೀಗೆ ಕಲಸಿದ ಮೊಸರನ್ನು ಮುಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಒಣ ಎಲೆ ನೆನೆದು ರುಚಿ ಬಿಡಲು ಅಷ್ಟು ಹೊತ್ತು ಬೇಕು. ಬಡಿಸುವ ಮುಂಚೆ ಸೌತೆಕಾಯಿ, ದ್ರಾಕ್ಷಿ, ಅಕ್ರೋಟಿನ ಮುಕ್ಕಾಲು ಭಾಗ ಸೇರಿಸಿ, ಆಮೇಲೆ ಉಪ್ಪು ನೋಡಿ. ತಣ್ಣಗಿರುವಾಗ ಉಪ್ಪು ಕಮ್ಮಿ ಅನ್ನಿಸುತ್ತದೆ, ಅದಕ್ಕೆ ತಣ್ಣಗಾದ ಮೇಲೆಯೇ ರುಚಿ ನೋಡುವುದು ಸರಿ.

ಅಕ್ರೋಟನ್ನು ಬಹಳ ಮುಂಚೆ ಕಲಸಿಟ್ಟರೆ ಸಿಪ್ಪೆಯ ಬಣ್ಣ ಇಳಿದು ಮೊಸರು ಮಾಸಲಾಗುತ್ತದೆ, ಗರಿಯೂ ಹೋಗುತ್ತದೆ. ಆದ್ದರಿಂದ ಅದು ಕೊನೆಗೆ. ತಗ್ಗು ತಟ್ಟೆಗೆ ಹಾಕಿ, ಚಮಚದ ಬೆನ್ನಿನಿಂದ ಮೇಲ್ಮೈ ಸವರಿ, ಉಳಿದ ಅಕ್ರೋಟು, ದ್ರಾಕ್ಷಿ, ಪುದೀನ, ಬೆರಳಲ್ಲಿ ನುರಿದ ಗುಲಾಬಿ ಎಸಳು ಉದುರಿಸಿ. ಇರಾನಿ ಹೆಂಗಸರು ಪುದೀನವನ್ನು ಗೆರೆಗೆರೆಯಾಗಿ, ಹೂವಿನ ಚಿತ್ತಾರದ ಹಾಗೆ ಉದುರಿಸಿ ಅಂದ ಮಾಡುವುದುಂಟು. ರಂಗೋಲಿ ಹಾಕಿ ಗೊತ್ತಿರುವ ಕೈಗೆ ಇದು ಸುಲಭ.

ಮೊಸರು ಹುಳಿ ಅನ್ನಿಸಿದರೆ ಸಕ್ಕರೆ ಹಾಕಬೇಡಿ. ಎರಡು ಚಮಚ ತಾಜಾ ಕೆನೆ ಕಲಸಿ, ಹುಳಿ ತಗ್ಗುತ್ತದೆ.

ಯಾವುದರ ಜೊತೆ

ಇರಾನಿನಲ್ಲಿ ಕಬಾಬ್ ಮತ್ತು ಅನ್ನದ ಜೊತೆ, ಬೀನ್ಸ್ ಹಾಕಿದ ಲೂಬಿಯಾ ಪೊಲೊ ಎಂಬ ಪಲಾವಿನ ಜೊತೆ ಇದು ಇದ್ದೇ ಇರುತ್ತದೆ. ಲವಾಶ್, ಸಂಗಕ್ ರೊಟ್ಟಿ ಹರಿದು ಅದ್ದಿಕೊಂಡೂ ತಿನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ್ದು ಕಟಕ್ ಜೋಳದ ರೊಟ್ಟಿ. ಮುರಿದು ಅದ್ದಿದರೆ ಬಾಗುವುದಿಲ್ಲ, ಜೋಳಕ್ಕೆ ತನ್ನದೇ ಜೋರು ರುಚಿಯೂ ಇಲ್ಲ. ಖಾರ ಇಲ್ಲದ ಪಲಾವಿಗೂ ಹೊಂದುತ್ತದೆ. ಮಸಾಲೆ ಜೋರಾಗಿರುವ ಬಿರಿಯಾನಿ ಪಕ್ಕ ಇಟ್ಟರೆ ಪುದೀನ, ಗುಲಾಬಿ ಎರಡೂ ಕಳೆದುಹೋಗುತ್ತವೆ, ಅಲ್ಲಿಗೆ ಈರುಳ್ಳಿ ರಾಯತವೇ ಸರಿ.

ಬೇಸಿಗೆಯಲ್ಲಿ ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇಡಬೇಡಿ. ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ, ಎರಡನೇ ದಿನಕ್ಕೆ ನೀರು ಬಿಟ್ಟಿರುತ್ತದೆ.

ಸೌತೆಕಾಯಿ ಬದಲು ಬೇಯಿಸಿದ ಬೀಟ್‌ರೂಟ್ ಹಾಕಿದರೆ ಅದು ಮಾಸ್ತ್-ಒ-ಲಬೂ, ಬಣ್ಣ ನೋಡಿಯೇ ಮಕ್ಕಳು ತಿನ್ನುತ್ತಾರೆ. ಜಾಗ್ರೋಸ್ ಬೆಟ್ಟಗಳಲ್ಲಿ ಬೆಳೆಯುವ ಮೂಸೀರ್ ಎಂಬ ಕಾಡು ಈರುಳ್ಳಿ ಜಾತಿಯ ಗೆಡ್ಡೆಯನ್ನು ಒಣಗಿಸಿ, ನೆನೆಸಿ ಹಾಕಿದರೆ ಮಾಸ್ತ್-ಒ-ಮೂಸೀರ್. ಅದು ನಮ್ಮಲ್ಲಿ ಸಿಗುವುದು ಕಷ್ಟ. ಸಾಂಬಾರ್ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ತಣ್ಣೀರಲ್ಲಿ ಒಂದು ಗಂಟೆ ನೆನೆಸಿ ಹಾಕಿದರೆ ತಕ್ಕಮಟ್ಟಿಗೆ ಹತ್ತಿರ ಬರುತ್ತದೆ.

ಎರಡನೇ ದಿನ ನೀರು ಬಿಟ್ಟ ಬಟ್ಟಲನ್ನು ಚೆಲ್ಲಬೇಕಾಗಿಲ್ಲ. ಅದನ್ನು ಆಬ್-ದೂಗ್-ಖಿಯಾರ್ ಮಾಡಿ, ಇರಾನಿನ ಸುಡು ಬೇಸಿಗೆಯ ಮಧ್ಯಾಹ್ನದ ಊಟ ಅದು. ಉಳಿದ ಮಾಸ್ತ್-ಒ-ಖಿಯಾರ್ ಎಷ್ಟಿದೆಯೋ ಅಷ್ಟೇ ತಣ್ಣೀರು ಸೇರಿಸಿ ಮಜ್ಜಿಗೆಯ ಹದಕ್ಕೆ ತನ್ನಿ. ಸಣ್ಣಗೆ ಹೆಚ್ಚಿದ ಈರುಳ್ಳಿ ಹೂವು, ಇನ್ನೊಂದಿಷ್ಟು ಸೌತೆಕಾಯಿ, ಅಕ್ರೋಟು, ದ್ರಾಕ್ಷಿ, ಪುದೀನ ಹಾಕಿ. ಉಪ್ಪು ಮತ್ತೆ ನೋಡಿ, ನೀರು ಬಿದ್ದ ಮೇಲೆ ಸಪ್ಪೆಯಾಗಿರುತ್ತದೆ. ನಾಲ್ಕು ಐಸ್ ತುಂಡು ತೇಲಿಬಿಡಿ. ಒಣಗಿದ ರೊಟ್ಟಿಯನ್ನು ಊಟಕ್ಕೆ ಕೂತ ಮೇಲೆ ಅವರವರ ಬಟ್ಟಲಿಗೆ ಅವರವರೇ ಮುರಿದು ಹಾಕಿಕೊಳ್ಳಬೇಕು. ಮೊದಲೇ ಹಾಕಿಟ್ಟರೆ ಮುದ್ದೆಯಾಗುತ್ತದೆ.